ಐದು ಬೆರಳಿನ ದೇವರು, ಹತ್ತು ಕೈಗಳ ಕೆಲಸ



ಮಾನ್ವಿ ಕಡೆಯ ಹಳ್ಳಿಯೊಂದರಿಂದ ಒಬ್ಬ ಸೋದರಿ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ಅವರ ಮಗ ಎಳೆಗೂಸಾಗಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವ ಹಾಗಾಗಿತ್ತು. ಆಗ ಅತ್ತೆಯವರು ಅಲಾಯಿ ದೇವರಿಗೆ ಹರಕೆ ಹೊತ್ತರು. ಕೂಸು ಉಳಿದರೆ ಐದು ವರ್ಷ ಫಕೀರನನ್ನು ಮಾಡುತ್ತೇನೆ, ಕೊನೆಯ ವರ್ಷ ಹುಲಿವೇಷ ಹಾಕಿಸುತ್ತೇನೆ ಎಂದು. ಕೂಸು ಉಳಿಯಿತು. ನಾಲ್ಕು ವರ್ಷ ಕೊರಳಿಗೆ ಲಾಡಿ ಹಾಕಿಕೊಂಡು ಫಕೀರನೂ ಆದ. ಈಗ ಅತ್ತೆ ಇಲ್ಲ. ಪಟ್ಟಣದಲ್ಲಿ ನೌಕರಿಯಲ್ಲಿರುವ ಮೈದುನ, "ಅದು ನಮ್ಮ ಹಬ್ಬ ಅಲ್ಲ ಅತ್ತಿಗಿ, ಇನ್ನ ಸಾಕು ಬಿಡ್ರಿ" ಎನ್ನುತ್ತಾನೆ. ಯಜಮಾನರು ಬಾಯಿ ಬಿಡುವುದಿಲ್ಲ. ಹುಡುಗನದೋ ಒಂದೇ ಹಟ, ಹುಲಿ ಆಗ್ತೀನಿ ಅಂತ. "ನಾನೇನು ಮಾಡಲಿ ಅಕ್ಕಾ?" ಎಂದು ಕೇಳಿದ್ದಾರೆ.

ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ಈ ಹಬ್ಬ ಯಾರದು ಎಂಬುದನ್ನು ಸ್ವಲ್ಪ ನೋಡೋಣ. 2025ರಲ್ಲಿ ಮೊಹರಮ್ಮಿನ ಹತ್ತನೇ ದಿನ ಜುಲೈ 6ಕ್ಕೆ ಬಂದಿತ್ತು. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ಸಲ ಮಟಮಾರಿಯಿಂದ ನಾವು ನಾಲ್ಕು ಜನ ಹೆಣ್ಣುಮಕ್ಕಳು ಮುದಗಲ್ಲಿಗೆ ಹೋಗಿದ್ದೆವು. ರಾಯಚೂರಿಗೆ ಬಂದು, ಅಲ್ಲಿಂದ ಸಿರವಾರ, ಕವಿತಾಳ, ಲಿಂಗಸುಗೂರು ದಾಟಿ ಹೋಗಬೇಕು. ನೂರು ಕಿಲೋಮೀಟರಿಗೂ ಮೇಲಿನ ಹಾದಿ. ಬಸ್ಸಿನಲ್ಲಿ ಕೂಡಲು ಜಾಗವಿರಲಿಲ್ಲ. ಮುಕ್ಕಾಲು ಪಾಲು ಮಂದಿ ಕೈಯಲ್ಲಿ ಸಕ್ಕರೆ ಪುಡಿಕೆ, ಊದಿನಕಡ್ಡಿ, ಹೂವು ಹಿಡಿದವರೇ. ಕುಂಕುಮದವರೂ ಇದ್ದರು, ಬುರ್ಖಾದವರೂ ಇದ್ದರು. ಎಲ್ಲರದೂ ಒಂದೇ ಊರಿಗೆ ಟಿಕೇಟು.

ನಮ್ಮ ಆಂಧ್ರದ ಗಡಿಯ ಕಡೆ ಇದನ್ನು ಪೀರಲ ಹಬ್ಬ ಎನ್ನುವವರೂ ಇದ್ದಾರೆ. ಆ ಕಡೆ ಹೋದರೆ ಅಲಾಯಿ ಹಬ್ಬ. ಹೆಸರು ಏನೇ ಇರಲಿ, ನೋಡುವುದು ಒಂದನ್ನೇ. ಉದ್ದನೆಯ ಕೋಲು, ಅದರ ತುದಿಗೆ ಹಿತ್ತಾಳೆಯದೋ ಬೆಳ್ಳಿಯದೋ ಪಂಜಾ, ಅಂದರೆ ಅಂಗೈ. ಆ ಐದು ಬೆರಳು ಪ್ರವಾದಿ ಮುಹಮ್ಮದ್, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳು ಹಸನ್ ಮತ್ತು ಹುಸೇನ್. ಐದರಲ್ಲಿ ಒಂದು ಬೆರಳು ಒಬ್ಬ ತಾಯಿಯದು ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಆ ತಾಯಿಯ ಮಗ ಹುಸೇನರು ಕ್ರಿ.ಶ. 680ರಲ್ಲಿ, ಈಗಿನ ಇರಾಕಿನ ಕರ್ಬಲಾದಲ್ಲಿ, ಅನ್ಯಾಯದ ದೊರೆತನಕ್ಕೆ ತಲೆಬಾಗುವುದಿಲ್ಲ ಎಂದು ನಿಂತು ಪ್ರಾಣಕೊಟ್ಟರು. ಜೊತೆಗಿದ್ದ ಹೆಂಗಸರು ಮಕ್ಕಳಿಗೆ ಹೊಳೆಯ ನೀರು ಸಿಗದ ಹಾಗೆ ತಡೆದಿದ್ದರು. ಅದಕ್ಕೇ ಈ ಹಬ್ಬದಲ್ಲಿ ದಾರಿಯುದ್ದಕ್ಕೂ ನೀರು, ಪಾನಕ ಹಂಚುತ್ತಾರೆ. ಅಣ್ಣ ಹಸನರು ಅದಕ್ಕೆ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಆದರೆ ನಮ್ಮ ಹಳ್ಳಿಯ ಮೊಹರಂ ಪದಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದೇ ಇಲ್ಲ. ಹಾಡುವವರಿಗೆ ಇಸವಿಗಿಂತ ಅಕ್ಕರೆ ದೊಡ್ಡದು, ಏನಂತೀರಿ?

ಮುದಗಲ್ಲಿನಲ್ಲಿ ಹತ್ತನೆಯ ದಿನ ನೋಡುವುದು ಅದನ್ನೇ. ಕೋಟೆಯ ಮುಂದೆ ಜನಸಾಗರ. ಹಸನ್ ಆಲಂ, ಹುಸೇನ್ ಆಲಂ ಎದುರುಬದುರಾಗಿ ಬಂದು ಭೇಟಿಯಾಗುತ್ತವೆ. ಆ ಗಳಿಗೆಯಲ್ಲಿ ಹಲಗಿ ಸದ್ದಿಗೆ ಎದೆ ನಡುಗುತ್ತದೆ. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣತಮ್ಮ ಕೂಡಿದ್ರು ನೋಡವ್ವ" ಎಂದರು. ಅವರ ಹಣೆಯಲ್ಲಿ ಮೂರು ಬೆರಳು ವಿಭೂತಿ.

ಈ ಕೋಟೆಯ ಕಥೆ ನಿಮಗೆ ಗೊತ್ತೇ ಇದೆ. ಬಹಮನಿಯವರು, ವಿಜಯನಗರದವರು, ಬಿಜಾಪುರದವರು ಕೃಷ್ಣಾ ತುಂಗಭದ್ರೆಯ ನಡುವಿನ ಈ ಎರೆಭೂಮಿಗಾಗಿ ಇನ್ನೂರು ವರ್ಷ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. 1565ರ ಯುದ್ಧದ ಮೇಲೆ ಇದು ಬಿಜಾಪುರದ ಪಾಲಾಯಿತು. ದೊರೆಗಳೆಲ್ಲ ಹೋದರು. ಅವರು ಜಗಳಾಡಿದ ಜಾಗದಲ್ಲಿ ಊರ ಮಂದಿ ವರ್ಷಕ್ಕೊಮ್ಮೆ ಅಣ್ಣತಮ್ಮಂದಿರನ್ನು ಕೂಡಿಸುತ್ತಾರೆ!

ಇನ್ನು ಇದನ್ನು ಕಟ್ಟುವವರು ಯಾರು? ಪೇಟೆಗಳಲ್ಲಿ ಕಲಾವಿದರನ್ನು ಕರೆಸಿ, ಚೌಕದಲ್ಲಿ ಗೊಂಬೆ ನಿಲ್ಲಿಸಿ, ನಮ್ಮಲ್ಲಿ ಎಷ್ಟು ಬಗೆಯ ಜನ ಇದ್ದಾರೆ ನೋಡಿ ಎಂದು ತೋರಿಸುತ್ತಾರೆ. ಒಳ್ಳೆಯದೇ. ನಮ್ಮ ಹಳ್ಳಿಗಳಲ್ಲಿ ಅದನ್ನು ಊರೇ ಮಾಡುತ್ತದೆ. ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ಮಸೂತಿ ಮುಂದೆ ಅಲಾಯಿ ಕುಣಿ ತೋಡುತ್ತಾರೆ. ಕಟ್ಟಿಗೆ ಒಬ್ಬರ ಹೊಲದ್ದು. ಕೋಲು ಸರಿಮಾಡುವುದು ಬಡಿಗೇರರು. ಹಲಗಿ ಒಬ್ಬರದು, ಹೆಜ್ಜೆ ಕುಣಿತ ಇನ್ನೊಬ್ಬರದು. ಪಂಜಾ ತೊಳೆಯುವುದು, ದೇವರು ಕೂಡ್ರಿಸುವುದು ಮುಜಾವರರ ಕೆಲಸ. ಹಿತ್ತಾಳೆ ಬೆಳಗುವುದಕ್ಕೆ ಬೇಕಾದ ಹುಣಿಸೆಹಣ್ಣು ಯಾವ ಮನೆಯಿಂದಲಾದರೂ ಬಂದೀತು, ಅದಕ್ಕೇನು ಜಾತಿ ಉಂಟೇ? ಕೋಲಿಗೆ ಕಟ್ಟುವ ಬಣ್ಣಬಣ್ಣದ ದಟ್ಟಿ ಹರಕೆ ಹೊತ್ತ ತಾಯಂದಿರದು. ಅಲಾಯಿ ಕುಣಿಗೆ ಬೀಳುವ ಉಪ್ಪೂ ಅವರ ಉಡಿಯದೇ.

ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲೂ ದೇವರು ಕೂಡುತ್ತವೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹಿರೇಬಿದನೂರು ಅಂಥದ್ದು. ಅಲ್ಲಿ ಫಕೀರೇಶ್ವರ ಸ್ವಾಮಿಯ ಮಸೂತಿ ಇದೆ, ಪೂಜೆ ಮಾಡುವವರು ಹಿಂದೂಗಳೇ. 2022ರಲ್ಲಿ ಪತ್ರಿಕೆಗಳಲ್ಲೆಲ್ಲ ಇದು ಬಂದಿತ್ತು. ಓದಿದ ಪಟ್ಟಣದವರು ಬೆರಗಾದರು. ನಮ್ಮ ಕಡೆಯವರಿಗೆ ಬೆರಗೇನೂ ಇರಲಿಲ್ಲ.

ಇದು ಸಮುದ್ರವನ್ನೂ ದಾಟಿದೆ. 1845ರಿಂದ ಇಂಗ್ಲಿಷರು ನಮ್ಮ ದೇಶದ ಬಡವರನ್ನು ಕಬ್ಬಿನ ತೋಟದ ಕೂಲಿಗೆಂದು ಟ್ರಿನಿಡಾಡ್ ದ್ವೀಪಕ್ಕೆ ಹಡಗಿನಲ್ಲಿ ಸಾಗಿಸಿದರು. ಅವರು ಅಲ್ಲಿಯೂ ಬಿದಿರು, ಬಣ್ಣದ ಕಾಗದ ಕೂಡಿಸಿ ತಾಬೂತು ಕಟ್ಟಿದರು. ಹಿಂದೂಗಳೂ ಹೆಗಲು ಕೊಟ್ಟರು. ಅದಕ್ಕೆ ಅಲ್ಲಿ 'ಹೋಸೆ' ಎಂದು ಹೆಸರು, ಹುಸೇನ್ ಎನ್ನುವುದರ ರೂಪ. ಮೆರವಣಿಗೆ ಪಟ್ಟಣದೊಳಕ್ಕೆ ಬರಕೂಡದು ಎಂದು ಸರಕಾರ ಅಪ್ಪಣೆ ಮಾಡಿತು. 1884ರ ಅಕ್ಟೋಬರ್ 30ರಂದು, ಸ್ಯಾನ್ ಫರ್ನಾಂಡೊ ಊರಿನ ಬಳಿ, ಆದರೂ ಬಂದವರ ಮೇಲೆ ಗುಂಡು ಹಾರಿಸಿತು. ಹಲವರು ಸತ್ತರು. ಅಲ್ಲಿ ಇಂದಿಗೂ ತಾಬೂತು ಕಟ್ಟುತ್ತಾರೆ. ಕೂಡಿ ಕಟ್ಟಿದ್ದನ್ನು ಜನ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಈಗ ಪತ್ರ ಬರೆದ ಸೋದರಿಗೆ ನನ್ನ ಮಾತು. ಮೈದುನನ ಮೇಲೆ ಸಿಟ್ಟು ಬೇಡ. ಕೆಲವು ಮುಸಲ್ಮಾನ ಬಾಂಧವರೂ ಈ ಕುಣಿತ, ವೇಷ ತಮ್ಮ ಧರ್ಮದ್ದಲ್ಲ ಎನ್ನುತ್ತಾರೆ. ಇದು ಶೋಕದ ದಿನ, ಜಾತ್ರೆಯಲ್ಲ ಎನ್ನುತ್ತಾರೆ. ಅವರ ಮಾತಿಗೂ ಮರ್ಯಾದೆ ಕೊಡೋಣ. ಆದರೆ "ನಮ್ಮದಲ್ಲ" ಎನ್ನುವ ಮಾತು ನಿಮ್ಮ ಮನೆಯ ಮಟ್ಟಿಗೆ ನಿಜವಲ್ಲ. ಕೂಸಿನ ಜ್ವರ ನಿಮ್ಮದು, ಹೊತ್ತ ಹರಕೆ ನಿಮ್ಮ ಅತ್ತೆಯವರದು, ನಾಲ್ಕು ವರ್ಷ ಲಾಡಿ ಹಾಕಿಕೊಂಡವನು ನಿಮ್ಮ ಮಗ. ಹಿರಿಯರು ಬಿಟ್ಟುಹೋದ ಬೆಳ್ಳಿ ಬಟ್ಟಲನ್ನು ಇಟ್ಟುಕೊಳ್ಳುತ್ತೀರಿ, ಅವರು ಕೊಟ್ಟ ಮಾತನ್ನೂ ಇಟ್ಟುಕೊಳ್ಳಬಹುದು. ಯಜಮಾನರನ್ನು ಒಂದು ದಿನ ಊಟದ ಮೇಲೆ ಕೂಡಿಸಿಕೊಂಡು, "ಇದು ನಿಮ್ಮ ಅವ್ವನ ಮಾತು, ತೀರಿಸೋಣ್ರಿ" ಎಂದಷ್ಟೇ ಹೇಳಿ. ಹೆಚ್ಚಿಗೆ ವಾದ ಬೇಡ. ಹುಡುಗನ ಮುಂದಂತೂ ಬೇಡವೇ ಬೇಡ. ಐದನೆಯ ವರ್ಷ ಮುಗಿಯಲಿ. ಮುಂದಿನದನ್ನು ಅವನು ದೊಡ್ಡವನಾಗಿ ತಾನೇ ಯೋಚಿಸಲಿ.

ಹುಲಿವೇಷದ ಬಗ್ಗೆ ಒಂದು ಎಚ್ಚರಿಕೆ. ಬಾಗಿಲು ಕಿಟಕಿಗೆ ಹಚ್ಚುವ ಎಣ್ಣೆ ಬಣ್ಣ ಮಗುವಿನ ಮೈಗೆ ಖಂಡಿತ ಬೇಡ, ಅದನ್ನು ಸೀಮೆಎಣ್ಣೆಯಿಂದ ತಿಕ್ಕಿ ತೆಗೆಯುವುದಂತೂ ಬೇಡವೇ ಬೇಡ. ನಾಟಕದವರು ಮುಖಕ್ಕೆ ಹಚ್ಚುವ ಬಣ್ಣ ತನ್ನಿ. ಹಿಂದಿನ ದಿನ ಮೊಣಕೈ ಮೇಲೆ ಚೂರು ಹಚ್ಚಿ ನೋಡಿ, ಕೆಂಪಾಗದಿದ್ದರೆ ಸರಿ. ಮುಖ, ಕೈಗೆ ಮಾತ್ರ ಹಚ್ಚಿ, ಮೈಗೆ ಹಳದಿ ಬನಿಯನ್ನು ಹಾಕಿ ಅದರ ಮೇಲೆ ಪಟ್ಟೆ ಬರೆಯಿರಿ. ಬಣ್ಣ ತೆಗೆಯಲು ಕೊಬ್ಬರಿಎಣ್ಣೆ, ಆಮೇಲೆ ಕಡಲೆಹಿಟ್ಟು. ಅಲಾಯಿ ಕುಣಿಯ ಹತ್ತಿರ ಮಗುವಿನ ಕೈ ಬಿಡಬೇಡಿ. ನೀವೂ ನೈಲಾನ್ ಸೀರೆ ಉಡದೆ ನೂಲಿನದನ್ನೇ ಉಟ್ಟುಹೋಗಿ.

ಹಬ್ಬದ ಚೊಂಗೆ ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಎರಡು ಬಟ್ಟಲು ಗೋಧಿಹಿಟ್ಟಿಗೆ ಎರಡು ಚಮಚ ಕಾಯಿಸಿದ ತುಪ್ಪ, ಚಿಟಿಕೆ ಉಪ್ಪು ಹಾಕಿ ಗಟ್ಟಿಯಾಗಿ ನಾದಿ ಅರ್ಧ ಗಂಟೆ ಬಿಡಿ. ಪೂರಿಗಿಂತ ಸ್ವಲ್ಪ ದಪ್ಪಗೆ ಲಟ್ಟಿಸಿ. ಕೆತ್ತನೆಯ ಮಣೆ ಇದ್ದರೆ ಅದರ ಮೇಲೆ ಒತ್ತಿ, ಇಲ್ಲದಿದ್ದರೆ ಚಮಚದ ತುದಿಯಿಂದ ನಿಮಗೆ ತೋಚಿದ ಹೂವು ಬಳ್ಳಿ ಮೂಡಿಸಿ. ಸಣ್ಣ ಉರಿಯಲ್ಲಿ ಹಂಚಿನ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಬೇಯಿಸಿ. ಒಂದು ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಪುಟಾಣಿ ಹಿಟ್ಟು, ಒಣಕೊಬ್ಬರಿ ತುರಿ, ಹುರಿದ ಗಸಗಸೆ, ಏಲಕ್ಕಿ ಕೂಡಿಸಿ ಬಿಸಿ ಚೊಂಗೆಯ ಮೇಲೆ ಉದುರಿಸಿ, ಒಂದರ ಮೇಲೊಂದು ಇಡಿ.

ಐದು ಮಾಡುವ ಕಡೆ ಹತ್ತು ಮಾಡಿ. ಅರ್ಧ ನಿಮ್ಮ ಮಕ್ಕಳಿಗೆ, ಅರ್ಧ ನೆರೆಮನೆಗೆ. ಅವರ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ, ನೋಡುತ್ತಿರಿ.