ಭಾರವೇ ಬಲವೆಂಬ ಭ್ರಮೆ



ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಕಳೆದ ತಿಂಗಳು ಬಂದಿತು. ಆ ದೇಶದಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆಯ ಬೇಟೆಯಾಡಲು ಅವಕಾಶವಿದೆ. ವಿಸ್ಕಾನ್ಸಿನ್ ರಾಜ್ಯವು 1934ರಲ್ಲಿಯೇ ಬಿಲ್ಲುಬೇಟೆಗೆಂದು ಪ್ರತ್ಯೇಕ ಋತುವನ್ನು ಗೊತ್ತುಮಾಡಿತ್ತು. ಇವನ ಬಾಣವು ಜಿಂಕೆಯ ಭುಜದ ಮೂಳೆಗೆ ತಾಗಿ, ಅಲಗಿನ ಹಿಂಬದಿಯಲ್ಲೇ ಸೀಳಿಹೋಯಿತಂತೆ. ರಕ್ತದ ಜಾಡು ಸ್ವಲ್ಪ ದೂರದಲ್ಲಿ ಮಾಯವಾಯಿತು. ಎರಡು ದಿನ ಹುಡುಕಿದರೂ ಪ್ರಾಣಿ ಸಿಗಲಿಲ್ಲ. "ಹಿತ್ತಾಳೆಯ ಇನ್ಸರ್ಟು ಹಾಕಿಸು, ಭಾರವಾದದ್ದು ಮುರಿಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ ಸಾರ್?" ಎಂಬುದು ಅವನ ಪ್ರಶ್ನೆ.

ಬೇಟೆ ನನಗೆ ಒಪ್ಪುವ ವಿಷಯವಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದು ಒಳ್ಳೆಯದೇ ಆಯಿತೆಂದು ನಂಬಿದವನು ನಾನು. ಆದರೆ ಬಾಣ ಬಿಡುವವನು ಬಿಟ್ಟೇ ಬಿಡುತ್ತಾನೆಂದಾದರೆ, ಅದು ಮುರಿದು ಪ್ರಾಣಿಯನ್ನು ನರಳಿಸಬಾರದೆಂಬ ಋಣ ಅವನ ಮೇಲಿದೆ. ಆ ಋಣವನ್ನು ಅಂಗಡಿಯ ಗಾದೆಯೊಂದರಿಂದ ತೀರಿಸಲಾಗದು ಎಂಬುದೇ ನನ್ನ ವಾದ.

ಇಂದಿನ ಬಾಣದ ದಂಡವು ಕಾರ್ಬನ್ ನಾರಿನ ಟೊಳ್ಳು ಕೊಳವೆ. ಅದರ ಬಾಯಿಯೊಳಗೆ ಅಂಟಿಸುವ, ಒಳಗೆ ತಿರುಪಿನ ಮರೆಯುಳ್ಳ ಪುಟ್ಟ ಲೋಹದ ತುಂಡೇ ಇನ್ಸರ್ಟು. ಅಲಗನ್ನು ಇದಕ್ಕೆ ತಿರುಪುತ್ತಾರೆ. 29 ಗ್ರಾಂ ತೂಕದ ಬಾಣ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು 93 ಜೂಲ್. ಮೂಳೆಗೆ ತಾಗಿದ ಕ್ಷಣದಲ್ಲಿ ಆ ಆಘಾತವೆಲ್ಲ ಈ ಬೆರಳುಗಾತ್ರವೂ ಇಲ್ಲದ ಕೂಡಿಕೆಯನ್ನು ದಾಟಿಯೇ ಹೋಗಬೇಕು.

ಈಗ ಲೋಹಗಳನ್ನು ನೋಡೋಣ. ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ, ಟೈಟಾನಿಯಂ 4.5, ಉಕ್ಕು 7.8, ಹಿತ್ತಾಳೆ 8.5 ಗ್ರಾಂ ತೂಗುತ್ತವೆ. ಭಾರವೇ ಬಲವಾಗಿದ್ದರೆ ಹಿತ್ತಾಳೆಯೇ ಗೆಲ್ಲಬೇಕಿತ್ತು. ಆದರೆ ಲೋಹವು ಶಾಶ್ವತವಾಗಿ ಬಾಗಲು ತೊಡಗುವ ಒತ್ತಡವನ್ನು ಅಳೆದರೆ ಕಥೆ ತಿರುಗುತ್ತದೆ. ಯಂತ್ರದಲ್ಲಿ ಕಡೆಯುವ ಸಾಮಾನ್ಯ ಹಿತ್ತಾಳೆಯದು ಹೆಚ್ಚೆಂದರೆ 300 ಮೆಗಾಪಾಸ್ಕಲ್‌ನ ಆಸುಪಾಸು. ಶಾಖದಿಂದ ಹದಗೊಳಿಸಿದ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದು ಸುಮಾರು 500. ಟೈಟಾನಿಯಮ್ಮಿನ ಪ್ರಸಿದ್ಧ ಮಿಶ್ರಲೋಹದ್ದು 800ಕ್ಕೂ ಮೇಲೆ. ಮೆದುಗೊಳಿಸಿದ 304 ಸ್ಟೇನ್‌ಲೆಸ್ ಉಕ್ಕಿನದೋ ಕೇವಲ 200ರ ಆಸುಪಾಸು! 'ಅಲ್ಯೂಮಿನಿಯಂ ಮೆದು, ಉಕ್ಕು ಗಟ್ಟಿ' ಎಂಬ ಮಾತು ಮಿಶ್ರಲೋಹದ ಹೆಸರು, ಹದ ಯಾವುದೆಂದು ಕೇಳದ ಹೊರತು ಅರ್ಥಹೀನ.

ಎದುರುವಾದವನ್ನೂ ಕೇಳಬೇಕು. ಮುಂದೆ ಭಾರವಿದ್ದರೆ ಲಾಭವಿಲ್ಲವೇ? ಇದೆ. ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಳ್ಳುತ್ತದೆ, ಆಳಕ್ಕೆ ಇಳಿಯುತ್ತದೆ. ಆದರೆ ಅದು ಇಳಿಯುವ ಗುಣ. ಮುರಿಯದಿರುವ ಗುಣ ಬೇರೆ. ಮೇಲಾಗಿ, ಮುಂಭಾರ ಹೆಚ್ಚಿದಂತೆ ಬಿಡುವಾಗ ದಂಡ ಹೆಚ್ಚು ಬಳುಕುತ್ತದೆ. ದಂಡವನ್ನೂ ಬಿರುಸಾದುದಕ್ಕೆ ಬದಲಿಸದಿದ್ದರೆ ಬಾಣ ಓರೆಯಾಗಿ ಹಾರಿ, ಓರೆಯಾಗಿಯೇ ತಾಗುತ್ತದೆ.

ಓರೆ ಏಟಿನಲ್ಲಿ ಸೋಲುವುದು ಬಹುಪಾಲು ಲೋಹವಲ್ಲ, ಕೊಳವೆಯ ಬಾಯಿ. ಕಾರ್ಬನ್ ನಾರುಗಳು ಹೆಚ್ಚಾಗಿ ಉದ್ದಕ್ಕೆ ಓಡುವುದರಿಂದ ದಂಡ ಉದ್ದಕ್ಕೆ ಬಲಿಷ್ಠ, ಅಡ್ಡಕ್ಕೆ ದುರ್ಬಲ. ಒಳಗಿನ ತುಂಡು ಸನ್ನೆಗೋಲಿನಂತೆ ಒಳಗಿನಿಂದ ಮೀಟಿ ಬಿದಿರಿನಂತೆ ಸೀಳುತ್ತದೆ. ಗಿಡ್ಡ ತುಂಡಾದರೆ ಮೀಟುವಿಕೆ ಇನ್ನೂ ಹೆಚ್ಚು. ಆದ್ದರಿಂದ ಮೊದಲು ಕೇಳಬೇಕಾದವು ಇವು: ಇನ್ಸರ್ಟು ಸಾಕಷ್ಟು ಉದ್ದವಿದೆಯೇ? ದಂಡದ ತುದಿಯನ್ನು ಅಚ್ಚುಕಟ್ಟಾಗಿ ಚೌಕಕ್ಕೆ ಉಜ್ಜಲಾಗಿದೆಯೇ? ಒಳಗೋಡೆಯ ಧೂಳನ್ನು ಒರೆಸಿ ಎಪಾಕ್ಸಿ ಹಾಕಲಾಗಿದೆಯೇ? ಬಾಯಿಯ ಹೊರಗೆ ಲೋಹದ ಕೊರಳುಂಗುರವಿದೆಯೇ?

ಇದು ಹೊಸ ವಿದ್ಯೆಯೂ ಅಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬಂಟಿಯಾಗಿ ಹೊರಬಂದ ಯಾಹಿ ಜನಾಂಗದ ಈಶಿಯ ಬಾಣಗಳನ್ನು, ಅವನಿಂದಲೇ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರ ತಮ್ಮ ಪುಸ್ತಕದಲ್ಲಿ ವರ್ಣಿಸಿದ್ದಾರೆ. ಹಗುರ ದಂಡದ ತುದಿಯಲ್ಲಿ ಕುಳಿ ಕೊರೆದು, ಭಾರದ ಮರದ ಮುಂಗೋಲನ್ನು ಅದರಲ್ಲಿ ಕೂರಿಸಿ, ಕೂಡಿಕೆಯ ಸುತ್ತ ಪ್ರಾಣಿಯ ಸ್ನಾಯುವನ್ನು ಬಿಗಿಯಾಗಿ ಸುತ್ತುತ್ತಿದ್ದನು. ಮುಂಗೋಲು ನಮ್ಮ ಇನ್ಸರ್ಟು. ಸ್ನಾಯುವಿನ ಸುತ್ತು ನಮ್ಮ ಕೊರಳುಂಗುರ. ಭಾರವನ್ನು ಅವನೂ ಬಯಸಿದನು, ಆದರೆ ಸುತ್ತುವುದನ್ನು ಮರೆಯಲಿಲ್ಲ.

ವಿದ್ಯಾರ್ಥಿಗೆ ಹೀಗೆ ಬರೆದೆನು: ಹದಗೊಳಿಸಿದ ಉಕ್ಕು, ಟೈಟಾನಿಯಂ, ಇಲ್ಲವೇ 7075 ಅಲ್ಯೂಮಿನಿಯಂ ಆರಿಸು, ತೂಕ ಬೇಕಿದ್ದರೆ ಉಕ್ಕು, ಬೇಡವಾದರೆ ಉಳಿದೆರಡು. ಮಿಶ್ರಲೋಹದ ಹೆಸರು ಹೇಳಲಾರದ ಅಂಗಡಿಯಲ್ಲಿ ಕೊಳ್ಳಬೇಡ. ಕೊರಳುಂಗುರವಿಲ್ಲದೆ ಕಾಡಿಗೆ ಹೋಗಬೇಡ. ಪ್ರತಿ ಸಲ ಬಿಡುವ ಮುನ್ನ ಬಾಣವನ್ನು ಮೆಲ್ಲಗೆ ಬಾಗಿಸಿ, ಚಿಟಿಕೆಯ ಸದ್ದೇನಾದರೂ ಬರುವುದೇ ಎಂದು ಕಿವಿಗೊಟ್ಟು ಕೇಳು. ಬಿರುಕಿದ್ದ ಕಾರ್ಬನ್ ಬಾಣ ಬಿಡುವಾಗಲೇ ಒಡೆದು ಬಿಲ್ಲು ಹಿಡಿದ ಕೈಗೆ ನಾಟಬಲ್ಲದು. ಇಷ್ಟಕ್ಕೂ ತಾಳ್ಮೆಯಿಲ್ಲದಿದ್ದರೆ, ದಯವಿಟ್ಟು ಈ ಋತುವಿನಲ್ಲಿ ಮನೆಯಲ್ಲೇ ಇರು.

ಉತ್ತರ ಇನ್ನೂ ಬಂದಿಲ್ಲ. ಬೇಸರಪಟ್ಟುಕೊಂಡಿದ್ದರೂ ಚಿಂತೆಯಿಲ್ಲ, ಆ ಜಿಂಕೆಯ ವಿಷಯವನ್ನು ಅವನು ಮರೆಯದಿದ್ದರೆ ಸಾಕು.