ಇಡೀ ಹೊಲಕ್ಕ ಒಮ್ಮೆಲೇ ಬಿತ್ತಬ್ಯಾಡ್ರಿ: ಫೋನ್ ಅಪ್ಡೇಟ್ ಬಗ್ಗೆ ನಮ್ಮ ಮಾತು

ದೀಪಾವಳಿ ರಜೆಗೆ ಊರಿಗೆ ಹೋದಾಗ ನಾವೆಲ್ಲ ಮಾಡೋ ಮೊದಲ ಕೆಲಸ ಯಾವುದು ಹೇಳಿ? ಎಣ್ಣೆ ಸ್ನಾನ ಅಂದ್ರೆ ಸುಳ್ಳಾಗುತ್ತೆ. ಬ್ಯಾಗು ಇಳಿಸಿ ಒಂದು ಕಪ್ ಚಹಾ ಮುಗಿಸೋದ್ರೊಳಗೆ ಮನೆಯವರ ಫೋನು ನಮ್ಮ ಕೈಗೆ ಬಂದಿರುತ್ತೆ. "ಇದ್ಯಾಕೋ ಭಾಳ ನಿಧಾನ ಆಗೇತಿ, ಒಂಚೂರು ನೋಡಪಾ." ಇಂಜಿನಿಯರಿಂಗ್ ಓದೋರು ಅಂದ್ರೆ ಊರಲ್ಲಿ ಫೋನ್ ರಿಪೇರಿಯವರು ಅಂತಲೇ ಲೆಕ್ಕ. ಸಿವಿಲ್ ಓದಿದ್ರೂ ಅಷ್ಟೇ, ಮೆಕ್ಯಾನಿಕಲ್ ಓದಿದ್ರೂ ಅಷ್ಟೇ.

ಈ ಲೇಖನ ಬರೆಯುತ್ತಿರೋ ನಾವು ಮೂವರು. ಒಬ್ಬ ರೋಣದವ, ಒಬ್ಬಾಕಿ ನರಗುಂದದಾಕಿ, ಇನ್ನೊಬ್ಬ ಗಜೇಂದ್ರಗಡದವ. ಮೂರೂ ಗದಗ ಜಿಲ್ಲೆಯ ತಾಲ್ಲೂಕುಗಳೇ. ರಜೆ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದು ಕೂತಾಗ ಮೂವರ ಹತ್ತಿರವೂ ಒಂದೊಂದು ಅಪ್ಡೇಟ್ ಕಥೆ ಇತ್ತು. ಒಂದಕ್ಕೊಂದು ತಾಳೆ ಆಗಲಿಲ್ಲ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ರೋಣದ ಕಥೆ. ಅಪ್ಪನ ಫೋನು ನಾಲ್ಕು ವರ್ಷ ಹಳೆಯದು. ಪರದೆ ಮೇಲೆ "ಹೊಸ ಆವೃತ್ತಿ ಸಿದ್ಧವಾಗಿದೆ" ಅಂತ ತಿಂಗಳಿಂದ ಬರ್ತಾ ಇತ್ತಂತೆ. ಅವರು ಮುಟ್ಟಿರಲಿಲ್ಲ. ನಾವು ಬಂದು, ಕೇಳದೆ, ರಾತ್ರಿ ಒತ್ತಿಬಿಟ್ಟೆವು. ಬೆಳಿಗ್ಗೆ ಫೋನು ಹೊಸ ಮದುಮಗನ ಹಾಗೆ ಮಿಂಚುತ್ತಿತ್ತು. ಅಪ್ಪ ಅದನ್ನ ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಹಿಂಗಾರಿ ಕಡಲೆ ಬಿತ್ತಿಗೆಯ ಸಮಯ. ಟ್ರ್ಯಾಕ್ಟರಿನವನು ಮಧ್ಯಾಹ್ನ ಫೋನ್ ಮಾಡಿ ಬರ್ತೀನಿ ಅಂದಿದ್ದ. ಹನ್ನೆರಡಕ್ಕೆಲ್ಲ ಫೋನು ಬಿಸಿಯಾಗಿ ಬ್ಯಾಟರಿ ಖಾಲಿ. ಅವನು ಎರಡು ಸಲ ಹಚ್ಚಿ ನೋಡಿ ಬೇರೆಯವರ ಹೊಲಕ್ಕೆ ಹೋದ. ಮತ್ತೆ ನಮ್ಮ ಪಾಳಿ ಬಂದದ್ದು ಮೂರು ದಿನ ಬಿಟ್ಟು. ಎರೆ ಹೊಲದಲ್ಲಿ ಹಸಿ ಆರಿತು ಅಂದ್ರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ರೆ ಚೊಲೋ ಇತ್ತು.

ಎರಡನೆಯದು ನರಗುಂದದ್ದು. ಅಲ್ಲಿ ಅವ್ವನ ಫೋನಿಗೆ ಅಪ್ಡೇಟುಗಳು ಸರಿಯಾಗಿ ಬರ್ತವೆ, ಮಗಳು ಪ್ರತಿ ಸಲ ಹಾಕಿಸ್ತಾಳೆ. ಒಂದು ದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಒಂದು ಎಪಿಕೆ ಫೈಲು ಬಂತು. "ಕಂತು ಬರಬೇಕಂದ್ರ ಇದನ್ನ ಹಾಕ್ಕೋರಿ" ಅನ್ನೋ ಒಕ್ಕಣೆ. ಅವ್ವ ಒತ್ತಿದರು. ಫೋನು ಕೆಂಪು ಗುರುತು ತೋರಿಸಿ, ಇದು ಅಪಾಯಕಾರಿ ಅಂತ ತಡೆಯಿತು. ಅವ್ವ ಮಗಳಿಗೆ ಫೋನ್ ಮಾಡಿ ಕೇಳಿದರು. ಖಾತೆಯಲ್ಲಿದ್ದ ಸಂಘದ ಸಾಲದ ಹಣ ಉಳಿಯಿತು.

ಮೂರನೆಯದು ಗಜೇಂದ್ರಗಡದ ಕಾಕಾನದು. ಅವರು ನೇಕಾರರು. ಸೀರೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿ, ದುಡ್ಡು ಯುಪಿಐನಲ್ಲಿ ತಗೊಳ್ತಾರೆ. "ಅಪ್ಡೇಟ್ ಮಾಡಿದ್ರ ಫೋನ್ ಹಾಳಾಗ್ತದ" ಅಂತ ಯಾರೋ ಹೇಳಿದ್ದನ್ನ ನಂಬಿ ಫೋನು ಕೊಂಡಾಗಿನಿಂದ ಒಂದೂ ಅಪ್ಡೇಟ್ ಹಾಕಿಲ್ಲ. ಈಗ ಬ್ಯಾಂಕಿನ ಆ್ಯಪ್ ತೆರೆದರೆ, ನಿಮ್ಮ ಫೋನಿನ ಆವೃತ್ತಿ ಹಳೆಯದು, ಇಲ್ಲಿ ನಡೆಯಲ್ಲ ಅಂತ ಹೇಳ್ತದೆ. ಅಷ್ಟು ವರ್ಷ ತಡೆದ ಅಪ್ಡೇಟು ಈಗ ಬೇಕಂದ್ರೂ ಕಂಪನಿ ಕೊಡ್ತಾ ಇಲ್ಲ. ಆ ಮಾದರಿಯ ಅವಧಿ ಮುಗಿದಿದೆ.

ಒಬ್ಬರಿಗೆ ಅಪ್ಡೇಟಿನಿಂದ ನಷ್ಟ, ಒಬ್ಬರಿಗೆ ಲಾಭ, ಒಬ್ಬರಿಗೆ ಹಾಕದೇ ಇದ್ದದ್ದರಿಂದ ತೊಂದರೆ. ಹಂಗಾದ್ರೆ ನಿಯಮ ಏನು?

ನಾವು ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. "ಅಪ್ಡೇಟ್" ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ. ಒಂದು, ಭದ್ರತಾ ತೇಪೆ: ಸಣ್ಣದು, ನೋಡೋಕೆ ಏನೂ ಬದಲಾಗಲ್ಲ, ಒಳಗಿನ ತೂತು ಮುಚ್ಚುತ್ತೆ. ಎರಡು, ಆವೃತ್ತಿ ಬದಲಾವಣೆ: ಆಂಡ್ರಾಯ್ಡ್ 15ರಿಂದ 16ಕ್ಕೆ ಹೋದ ಹಾಗೆ, ಮನೆಯ ಅಡಿಪಾಯವನ್ನೇ ಬದಲಿಸಿದಂತೆ. ಮೂರು, ಆ್ಯಪ್‌ಗಳ ಅಪ್ಡೇಟು: ಪ್ಲೇ ಸ್ಟೋರಿನಿಂದ ದಿನಾ ಬರೋದು, ಬಹಳ ಸಲ ನಮಗೆ ಗೊತ್ತೇ ಆಗಲ್ಲ. ರೋಣದಲ್ಲಿ ನಾವು ಒತ್ತಿದ್ದು ಎರಡನೆಯದು.

ಮೊದಲನೆಯದರ ಬಗ್ಗೆ ನಮಗೆ ಅನುಮಾನವೇ ಇಲ್ಲ. 2015ರಲ್ಲಿ ಆಂಡ್ರಾಯ್ಡಿನಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ದೋಷ ಬಯಲಾಯಿತು. ಒಂದು ಮಲ್ಟಿಮೀಡಿಯಾ ಸಂದೇಶ ಕಳಿಸಿಯೇ ಫೋನಿನೊಳಗೆ ನುಗ್ಗಬಹುದಿತ್ತು. ಆ ವರ್ಷದ ಆಗಸ್ಟಿನಿಂದಲೇ ಗೂಗಲ್ ಪ್ರತಿ ತಿಂಗಳೂ ಭದ್ರತಾ ತೇಪೆ ಕೊಡೋಕೆ ಶುರು ಮಾಡಿತು. ಇನ್ನೂ ದೊಡ್ಡ ಪಾಠ 2017ರದ್ದು. ವಾನಾಕ್ರೈ ಅನ್ನೋ ವೈರಸ್ ಮೇ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳನ್ನೂ ಸೇರಿ ಜಗತ್ತಿನಾದ್ಯಂತ ಯಂತ್ರಗಳನ್ನ ಬೀಗ ಹಾಕಿ ಕೂರಿಸಿತು. ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದೇ ಉಳಿದವರು ಸಿಕ್ಕಿಬಿದ್ದರು. ತೇಪೆ ಬಿಡುಗಡೆ ಆದ ದಿನವೇ ತೂತು ಎಲ್ಲಿದೆ ಅಂತ ಕಳ್ಳರಿಗೂ ಗೊತ್ತಾಗುತ್ತೆ ಅನ್ನೋದನ್ನ ಮರೆಯಬಾರದು. ಹಾಕಿಕೊಳ್ಳದ ಫೋನು ಕೀಲಿ ಎಲ್ಲಿಟ್ಟಿದ್ದೀವಿ ಅಂತ ಬಾಗಿಲಿಗೆ ಬರೆದಿಟ್ಟ ಮನೆಯಂತೆ.

ಆವೃತ್ತಿ ಬದಲಾವಣೆಯಲ್ಲೂ ಲಾಭ ಇಲ್ಲ ಅಂತಲ್ಲ. 2025ರ ಜೂನ್‌ನಲ್ಲಿ ಬಂದ ಆಂಡ್ರಾಯ್ಡ್ 16ರಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಗುರುತಿಲ್ಲದ ನಂಬರಿನ ಕರೆಯಲ್ಲಿ ಮಾತಾಡ್ತಾ ಇರುವಾಗ, ಆ ಕಡೆಯವನು ಹೇಳಿದ ಅಂತ ಹೊರಗಿನ ಆ್ಯಪನ್ನ ಮೊದಲ ಸಲ ಹಾಕಿಕೊಳ್ಳೋಕೆ ಹೋದರೆ ಫೋನು ತಡೆಯುತ್ತೆ. "ನಾನು ಬ್ಯಾಂಕಿನಿಂದ ಮಾತಾಡ್ತೀನಿ, ಹೇಳಿದಂಗ ಒತ್ರಿ" ಅನ್ನೋ ಕರೆ ನಮ್ಮೂರುಗಳಿಗೆ ಹೊಸದಲ್ಲವಲ್ಲ.

ಇನ್ನೊಂದನ್ನ ಕನ್ನಡ ಸಂಘದವರಾಗಿ ನಾವು ಹೇಳಲೇಬೇಕು. ಇವತ್ತು ನೀವು ಈ ಲೇಖನವನ್ನ ಫೋನಿನಲ್ಲಿ ಓದ್ತಾ ಇದ್ದರೆ ಅದೂ ಒಂದು ಅಪ್ಡೇಟಿನ ಫಲವೇ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ಸಿಕ್ಕಿತು. ಅದಕ್ಕೂ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡ ಅಂದ್ರೆ ಬರೀ ಚೌಕಗಳ ಸಾಲು, ಇಲ್ಲವೇ ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ. ಅವತ್ತು "ಹಳೇದೇ ಸಾಕು" ಅಂದಿದ್ದರೆ ಅಪ್ಪ ಅವ್ವ ಇವತ್ತೂ ನಮಗೆ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಕಳಿಸ್ತಾ ಇರುತ್ತಿದ್ದರು.

ಇನ್ನು ತಕ್ಕಡಿಯ ಆ ಕಡೆ ನೋಡೋಣ.

ಅಪ್ಡೇಟು ಹಳೆ ಫೋನಿಗೆ ಭಾರ ಆಗೋದು ಭ್ರಮೆಯೇನಲ್ಲ. ಆವೃತ್ತಿ ಬದಲಾದ ಮೇಲೆ ಫೋನು ಒಳಗಿನ ಆ್ಯಪ್‌ಗಳನ್ನೆಲ್ಲ ಹೊಸದಾಗಿ ಹೊಂದಿಸಿಕೊಳ್ಳುತ್ತೆ. ಹೀಗಾಗಿ ಮೊದಲ ಒಂದೆರಡು ದಿನ ಬಿಸಿಯಾಗೋದು, ಬ್ಯಾಟರಿ ಬೇಗ ಇಳಿಯೋದು ಸಾಮಾನ್ಯ. ರೋಣದಲ್ಲಿ ಆದದ್ದು ಬಹುಶಃ ಇದೇ. ನಾಲ್ಕು ವರ್ಷ ದುಡಿದ ಬ್ಯಾಟರಿ ಬೇರೆ. ಮೂರು ದಿನ ಮನೆಯಲ್ಲಿ ಚಾರ್ಜಿಗೆ ಹಾಕಿಟ್ಟಿದ್ದರೆ ಸರಿಯಾಗ್ತಿತ್ತೇನೋ. ನಾವು ಬಿತ್ತಿಗೆಯ ಹಿಂದಿನ ರಾತ್ರಿ ಒತ್ತಿದೆವು.

ಕಂಪನಿಗಳ ಕಡೆಯಿಂದ ತಪ್ಪು ಆಗೋದೇ ಇಲ್ಲ ಅಂತಲೂ ಅಲ್ಲ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನ ಅಪ್ಡೇಟಿನ ಮೂಲಕ ತಗ್ಗಿಸಿದ್ದನ್ನ ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಹಾಗೆ ಮಾಡಿದೆವು ಅಂದರು. ಸರಿ, ಆದರೆ ಮೊದಲೇ ಹೇಳಬೇಕಿತ್ತಲ್ಲ? ಇಟಲಿಯಲ್ಲಿ 2018ರಲ್ಲಿ ಹಳೆ ಫೋನುಗಳನ್ನ ನಿಧಾನ ಮಾಡೋ ಅಪ್ಡೇಟು ಕೊಟ್ಟದ್ದಕ್ಕೆ ಆಪಲ್‌ಗೂ ಸ್ಯಾಮ್‌ಸಂಗ್‌ಗೂ ದಂಡ ಬಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷದ ಅಪ್ಡೇಟು ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನ ಮಲಗಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ನೆನಪಿರಬೇಕು. ಅದು ಭದ್ರತೆಗೆ ಅಂತಲೇ ಬಂದ ಅಪ್ಡೇಟು!

ಇನ್ನೊಂದು ಖರ್ಚಿದೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ: ರೂಢಿ. 2025ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಫೋನ್ ಆ್ಯಪ್‌ನ ರೂಪ ಬದಲಿಸಿದಾಗ, ಕರೆ ಮಾಡೋ ಪರದೆ ರಾತ್ರೋರಾತ್ರಿ ಬೇರೆಯಾದದ್ದನ್ನ ಕಂಡು ದೇಶದ ತುಂಬ ಜನ ಬೆರಗಾದರು. ನಮಗೆ ಅದು ಎರಡು ನಿಮಿಷದ ಮಾತು. ಆದರೆ ಓದು ಬರಹ ಅಷ್ಟಾಗಿ ಇಲ್ಲದವರು ಫೋನನ್ನ ಅಕ್ಷರದಿಂದ ಬಳಸಲ್ಲ, ಜಾಗದಿಂದ ಬಳಸ್ತಾರೆ. "ಹಸಿರು ಗುಂಡಿ ಕೆಳಗ ಎಡಕ್ಕ ಐತಿ" ಅನ್ನೋದೇ ಅವರ ಅಕ್ಷರಮಾಲೆ. ಆ ಗುಂಡಿಯನ್ನ ಬಲಕ್ಕೆ ಸರಿಸಿದವರು ಅವರ ಅಕ್ಷರಮಾಲೆಯನ್ನೇ ಬದಲಿಸಿದಂತೆ. ಕೇಳಿ ಬದಲಿಸಿದರೆ ಕಲೀಬಹುದು. ಕೇಳದೆ ಬದಲಿಸಿದರೆ "ನನಗೇ ತಿಳಿವಲ್ದು" ಅಂತ ತಮ್ಮನ್ನೇ ಬೈಕೊಳ್ತಾರೆ. ನಮಗೆ ಬೇಸರ ಆಗೋದು ಅಲ್ಲಿ.

ಡೇಟಾದ ಲೆಕ್ಕವೂ ಇದೆ. ದೊಡ್ಡ ಆವೃತ್ತಿಯ ಅಪ್ಡೇಟು ಎರಡು ಮೂರು ಜಿಬಿ ಇರೋದು ಸಾಮಾನ್ಯ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರು, ಮನೆಯಲ್ಲಿ ವೈಫೈ ಇಲ್ಲದವರು, ಇದನ್ನ ಹೇಗೆ ಇಳಿಸಿಕೊಳ್ಳಬೇಕು? ಅಪ್ಡೇಟು ಪುಕ್ಕಟೆ ಅನ್ನೋದು ಅರ್ಧ ಸತ್ಯ. ಒಮ್ಮೆ ಹಾಕಿದ ಮೇಲೆ ಹಿಂದಕ್ಕೆ ಬರೋದೂ ಸುಲಭ ಅಲ್ಲ. ಹಳೆ ಆವೃತ್ತಿಗೆ ಇಳಿಯಬೇಕಂದ್ರೆ ಸಾಮಾನ್ಯವಾಗಿ ಫೋನಿನೊಳಗಿನದೆಲ್ಲ ಅಳಿಸಿಹೋಗುತ್ತೆ. ಕೆಲವು ಫೋನುಗಳಲ್ಲಂತೂ ಆಗೋದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಗಜೇಂದ್ರಗಡದ ಕಾಕಾನ ಕಥೆಯಲ್ಲಿದೆ ಅಂತ ನಮಗನ್ನಿಸುತ್ತೆ. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷ ಅಪ್ಡೇಟು ಕೊಡ್ತೀವಿ ಅಂತ ಮಾತು ಕೊಟ್ಟಿವೆ. ಬಿಡುಗಡೆ ಆದಾಗ ಅವು ಅರ್ಧ ಲಕ್ಷ ದಾಟಿದ ಫೋನುಗಳಾಗಿದ್ದವು. ಹತ್ತು ಸಾವಿರದ ಫೋನಿಗೆ ಎಷ್ಟೋ ಸಲ ಒಂದೆರಡು ಆವೃತ್ತಿ, ಮೂರ್ನಾಲ್ಕು ವರ್ಷದ ತೇಪೆ, ಅಲ್ಲಿಗೆ ಮುಗೀತು. ದುಬಾರಿ ಫೋನಿನವರು ಎರಡು ಮೂರು ವರ್ಷಕ್ಕೆ ಫೋನು ಬದಲಿಸ್ತಾರೆ. ಅಗ್ಗದ ಫೋನಿನವರು ಅದು ಸಾಯೋವರೆಗೂ ಬಳಸ್ತಾರೆ. ಯಾರಿಗೆ ಹೆಚ್ಚು ವರ್ಷ ಬೇಕೋ ಅವರಿಗೇ ಕಡಿಮೆ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್ಡೇಟು ಸಿಗಬೇಕು. ಫೋನಿನ ಬೆಲೆ ಎಷ್ಟೇ ಇರಲಿ. ಅಂಥ ನಿಯಮ ನಮ್ಮಲ್ಲೂ ಬೇಕು ಅನ್ನೋದು ನಮ್ಮ ಖಚಿತ ಅಭಿಪ್ರಾಯ. ಪ್ಯಾಕೆಟ್ ಹಾಲಿನ ಮೇಲೆ ತಾರೀಕು ಇರುತ್ತೆ; ಫೋನಿನ ಡಬ್ಬಿ ಮೇಲೂ ಅಪ್ಡೇಟು ಯಾವ ವರ್ಷದವರೆಗೆ ಅಂತ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿರಲಿ.

ಅಲ್ಲಿಯವರೆಗೆ ನಾವು ಏನು ಮಾಡಬಹುದು? ಮೂವರೂ ಕೂತು ಜಗಳಾಡಿ ಒಪ್ಪಿಕೊಂಡದ್ದು ಇಷ್ಟು.

ಭದ್ರತಾ ತೇಪೆ ಬಂದ್ರೆ ತಡ ಮಾಡದೆ ಹಾಕಿ. ಬ್ಯಾಂಕು, ಯುಪಿಐ ಆ್ಯಪ್‌ಗಳನ್ನೂ ಅಷ್ಟೇ, ಆದರೆ ಪ್ಲೇ ಸ್ಟೋರಿನಿಂದ ಮಾತ್ರ. ವಾಟ್ಸಾಪಿನಲ್ಲಿ ಬಂದ "ಅಪ್ಡೇಟ್" ಫೈಲು ಅಪ್ಡೇಟಲ್ಲ, ಗಾಳ. ಹಣ ಹೋಯ್ತು ಅಂದ್ರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡಿ.

ಆವೃತ್ತಿ ಬದಲಾವಣೆಗೆ ಎರಡು ಮೂರು ವಾರ ತಡೀರಿ. ಅದೇ ಮಾದರಿ ಬಳಸೋ ಬೇರೆಯವರಿಗೆ ಏನಾಯ್ತು ನೋಡಿ. ಫೋಟೋ, ನಂಬರುಗಳ ಪ್ರತಿ ತೆಗೆದಿಟ್ಟುಕೊಳ್ಳಿ, ಜಾಗ ಖಾಲಿ ಮಾಡಿ. ಬಿತ್ತಿಗೆ, ರಾಶಿ, ಮದುವೆ, ಆಸ್ಪತ್ರೆ, ಈ ನಾಲ್ಕರ ಹಿಂದಿನ ದಿನ ಮುಟ್ಟಲೇಬೇಡಿ.

ಹಿರಿಯರ ಫೋನಾದ್ರೆ ಕೇಳಿ ಒತ್ತಿ. ಒತ್ತಿದ ಮೇಲೆ ಊರು ಬಿಟ್ಟು ಓಡಬೇಡಿ. ಎರಡು ದಿನ ಜೊತೆಗಿದ್ದು, ಹೊಸ ಗುಂಡಿ ಎಲ್ಲಿದೆ ಅಂತ ತೋರಿಸಿ, ಅವರ ಕೈಲೇ ನಾಲ್ಕು ಸಲ ಕರೆ ಮಾಡಿಸಿ. ಬರೋ ಸಂಕ್ರಾಂತಿ ರಜೆಗೆ ನಮ್ಮ ಮೂರೂ ಊರಲ್ಲಿ ಒಂದೊಂದು ಸಂಜೆ ಕಟ್ಟೆ ಮೇಲೆ ಕೂತು ಈ ಕೆಲಸ ಮಾಡಬೇಕು ಅಂತಿದ್ದೀವಿ. ಬೇರೆ ತಾಲ್ಲೂಕಿನ ಗೆಳೆಯರೂ ಕೈಗೂಡಿಸಿದರೆ ಸಂತೋಷ.

ಕೊನೆಗೆ ರೋಣದ ಅಪ್ಪನ ಮಾತು. ವಾಪಸ್ ಹೊರಡೋ ದಿನ ಬಸ್ ಸ್ಟ್ಯಾಂಡಿನಲ್ಲಿ ನಾವೇ ಆ ವಿಷಯ ತೆಗೆದು ತಪ್ಪಾಯ್ತು ಅಂದೆವು. ಅವರು ನಕ್ಕು ಹೇಳಿದ್ದು: "ಹೊಸಾ ಬೀಜ ಬಂದ್ರ ನಾವು ಬ್ಯಾಡ ಅನ್ನಂಗಿಲ್ಲ. ಮೊದಲನೇ ವರ್ಷ ಒಂದ್ ಪಟ್ಟಿಗಷ್ಟ ಹಾಕಿ ನೋಡ್ತೀವಿ. ನೀವು ಇಡೀ ಹೊಲಕ್ಕ ಒಮ್ಮೆಲೇ ಬಿತ್ತಿದ್ರಿ."

ದೊಡ್ಡ ಸಾಫ್ಟ್‌ವೇರ್ ಕಂಪನಿಗಳೂ ಹೀಗೇ ಮಾಡ್ತವೆ. ಮೊದಲು ಕೆಲವರಿಗೆ ಮಾತ್ರ ಕೊಟ್ಟು, ತೊಂದರೆ ಇಲ್ಲ ಅಂತ ನೋಡಿ, ಆಮೇಲೆ ಎಲ್ಲರಿಗೂ ಬಿಡ್ತಾರೆ. ನಾವು ಅದನ್ನ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆವು. ಅಪ್ಪನ ಫೋನು ಕೈಗೆ ಬಂದಾಗ ಮರೆತಿದ್ದೆವು.