ತೊಗರಿ ಒಣಗಿದ ಮೇಲೆ ಬರುವ ನಾಲ್ಕು ಸಾವಿರ

2022ರ ಕೊನೆಯ ತಿಂಗಳುಗಳನ್ನು ನಮ್ಮ ಕಡೆಯ ತೊಗರಿ ರೈತರು ಮರೆತಿಲ್ಲ. ಹೂ, ಕಾಯಿ ಹಿಡಿದಿದ್ದ ಗಿಡ ನೆಟೆ ರೋಗ ಬಂದು ನಿಂತಲ್ಲೇ ಒಣಗಿತು. ಆಮೇಲೆ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಎಕರೆ ಲೆಕ್ಕದಲ್ಲಿ ಸುಮಾರು 4,000.

ಈಗ ಇನ್ನೊಂದು ಲೆಕ್ಕ ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್‌ನಲ್ಲಿ, ರಾಸಾಯನಿಕ ಬಿಟ್ಟು ಬೇಸಾಯ ಮಾಡುವವರಿಗೆ ಸಿಗುವ ಪ್ರೋತ್ಸಾಹಧನವೂ ಎಕರೆಗೆ ವರ್ಷಕ್ಕೆ 4,000. ಅದೂ ಒಬ್ಬರಿಗೆ ಒಂದೇ ಎಕರೆಗೆ, ಎರಡೇ ವರ್ಷ, ಊರು ಆಯ್ದ ಕ್ಲಸ್ಟರ್‌ನಲ್ಲಿದ್ದರೆ ಮಾತ್ರ. ಬೆಳೆ ಹೋದ ಮೇಲೂ ನಾಲ್ಕು ಸಾವಿರ, ಹೋಗದಂತೆ ಮಣ್ಣು ಕಾಯಲಿಕ್ಕೂ ನಾಲ್ಕೇ ಸಾವಿರ.

ದುಡ್ಡಿಲ್ಲ ಅಂತಲ್ಲ. 2025-26ರ ಕೇಂದ್ರ ಬಜೆಟ್‌ನಲ್ಲಿ ಗೊಬ್ಬರದ ಸಬ್ಸಿಡಿಗೆ ಸುಮಾರು 1.67 ಲಕ್ಷ ಕೋಟಿ ಇಟ್ಟರು, ನೈಸರ್ಗಿಕ ಕೃಷಿ ಮಿಷನ್‌ಗೆ 616 ಕೋಟಿ. 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಅಂಗಡಿಯಲ್ಲೇ ಸಿಗುತ್ತದೆ, ಅರ್ಜಿ, ತರಬೇತಿ ಏನೂ ಬೇಕಿಲ್ಲ. ತಿಪ್ಪೆ ಗೊಬ್ಬರಕ್ಕೆ ಅಂಥ ಅಂಗಡಿ ಎಲ್ಲಿದೆ? ಎತ್ತು ಮಾರಿ ಟ್ರ್ಯಾಕ್ಟರ್ ನೆಚ್ಚಿಕೊಂಡ ಮನೆಯಲ್ಲಿ ತಿಪ್ಪೆಯೇ ಇಲ್ಲ. ಒಂದೆರಡು ಟ್ರಾಲಿ ಗೊಬ್ಬರ ಹೊಲಕ್ಕೆ ಬೀಳುವಷ್ಟರಲ್ಲಿ ನಾಲ್ಕು ಸಾವಿರದಲ್ಲಿ ಎಷ್ಟು ಉಳಿಯುತ್ತದೆ ಎಂದು ಬಾಡಿಗೆ ಕೊಟ್ಟವರನ್ನೇ ಕೇಳಿ.

ನೆಟೆ ರೋಗ ಮಣ್ಣಿನಿಂದ ಬರುವಂಥದ್ದು. ಅದರ ಶಿಲೀಂಧ್ರ ವರ್ಷಗಟ್ಟಲೆ ಹೊಲದಲ್ಲೇ ಕೂತಿರುತ್ತದೆ. ಅದೇ ಹೊಲದಲ್ಲಿ ಪ್ರತಿ ವರ್ಷ ಬರೀ ತೊಗರಿ ಬಿತ್ತಿದರೆ ಹೆಚ್ಚುತ್ತದೆ. ಗಿಡ ಒಣಗಲು ಶುರುವಾದ ಮೇಲೆ ಯಾವ ಔಷಧ ಹೊಡೆದರೂ ಅಷ್ಟಕ್ಕಷ್ಟೇ. ಮಾಡಬೇಕಾದ್ದೆಲ್ಲ ಬಿತ್ತನೆಗೆ ಮುಂಚೆ: ಬೀಜಕ್ಕೆ ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ ಲೇಪನ, ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ ಮಣ್ಣಿಗೆ ಹಾಕುವುದು, ರೋಗ ತಡೆಯುವ ಜಿಆರ್‌ಜಿ-811ರಂಥ ತಳಿ, ಜೋಳದ ಜೊತೆ ಬೆಳೆ ಬದಲಾವಣೆ. ನಮ್ಮ ಅಜ್ಜಂದಿರು ತೊಗರಿ ಜೊತೆ ಜೋಳ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಹಾಗಿದ್ದರೆ ದುಡ್ಡೂ ಮಿರಗಕ್ಕೆ ಮುಂಚೆ ಬರಬೇಕಲ್ಲವೇ?

ಇದನ್ನು ಚಂದ್ರಂಪಳ್ಳಿಯಿಂದಲೇ ಶುರು ಮಾಡಲಿ ಎನ್ನುತ್ತೇವೆ. ಜಲಾಶಯ ಇಲ್ಲಿದೆ, ಸುತ್ತಲಿನ ಕಾಡು 2011ರಿಂದ ಚಿಂಚೋಳಿ ವನ್ಯಜೀವಿ ಧಾಮ. ಮೇಲಿನ ಹೊಲಕ್ಕೆ ಹೊಡೆದದ್ದು ಮಳೆ ಬಂದರೆ ಹಳ್ಳ ಹಿಡಿದು ಕೆರೆಗೇ ಇಳಿಯುತ್ತದೆ. ಕಾಡಿಗೆ ನಿಯಮ ಇದೆ, ಕಾಡಂಚಿನ ಹೊಲಕ್ಕೂ ನೆರವು ಬೇಕು.

ಆದರೆ ನೆರವು ಯಾರ ಕೈಗೆ? ಹೊಲ ಪಾಲಿಗೆ ಕೊಟ್ಟು ಮುಂಬೈ, ಪುಣೆಗೆ ದುಡಿಯಲು ಹೋದ ತಾಂಡಾ ಕುಟುಂಬಗಳು ಎಷ್ಟೋ ಇವೆ. ಪಹಣಿ, ಎಫ್‌ಐಡಿ ಅವರ ಹೆಸರಲ್ಲಿ, ದುಡ್ಡು ಅವರ ಖಾತೆಗೆ. ಬಿತ್ತುವವರು ಬೇರೆ. ಈ ವರ್ಷ ಮಾಡಿ ಮುಂದಿನ ವರ್ಷ ಬಿಡಬೇಕಾದ ಹೊಲಕ್ಕೆ ಯಾರು ಗೊಬ್ಬರ ಹೊರುತ್ತಾರೆ? ಮಣ್ಣು ಸುಧಾರಿಸಲು ಮೂರ್ನಾಲ್ಕು ವರ್ಷ ಬೇಕು, ಮೊದಲೆರಡು ವರ್ಷ ಇಳುವರಿ ಇಳಿಯಲೂಬಹುದು. ಅದನ್ನು ಮುಚ್ಚಿಟ್ಟು ಭಾಷಣ ಮಾಡುವವರನ್ನು ನಾವು ನಂಬುವುದಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಎರಡು ಮಾತು ಠರಾವಿನಲ್ಲಿ ಬರೆಸಿ. ಗೊಬ್ಬರ, ಟ್ರೈಕೋಡರ್ಮಾ ಬಿತ್ತನೆಗೆ ಮುಂಚೆ ಊರಿಗೇ ಬರಬೇಕು. ಪಾಲಿಗೆ ಮಾಡುವವರ ಹೆಸರೂ ಪಟ್ಟಿಯಲ್ಲಿ ಇರಬೇಕು.